ಕನ್ನಡದ ನಾಲ್ಕು

ಚೀಟಿಯಲ್ಲಿದ್ದದ್ದು ಒಂದೂವರೆ ಸಾಲು. 'ಚಿ. ಪ್ರೇಮಲೀಲಾಳ ತಂದೆಯವರು ಈ ಶುಕ್ರವಾರ ಸಂಜೆ ೪ ಗಂಟೆಗೆ ಶಾಲೆಗೆ ಬಂದು ನನ್ನನ್ನು ಕಾಣಬೇಕು. ಲೆಕ್ಕದ ವಿಷಯ.' ಕರಿಬಸವಯ್ಯನಿಗೆ ಮೊದಲು ಕಂಡದ್ದು ಕೆಳಗಿನ ಹೆಸರಲ್ಲ, ಆ ನಾಲ್ಕು. ಮೇಲಿನಿಂದ ಇಳಿದು, ಕೆಳಗೊಂದು ಸುತ್ತು ಹಾಕಿ, ಮತ್ತೆ ಮೇಲೆದ್ದು, ತಲೆ ಕೂಡಿಸದೆ ಹಾಗೇ ಬಿಟ್ಟ ಕನ್ನಡದ ನಾಲ್ಕು. ಊರಲ್ಲಿ ಸಾವಿರ ಜನ ಹಾಗೆ ಬರೆಯುತ್ತಾರೆ, ಅದರಲ್ಲೇನಿದೆ ಅಂದುಕೊಳ್ಳುತ್ತಲೇ ಕಣ್ಣು ರುಜುವಿಗೆ ಇಳಿಯಿತು: ಬೆಟ್ಟಮ್ಮ, ಸಹಾಯಕ ಉಪಾಧ್ಯಾಯಿನಿ. ಕೈಯಲ್ಲಿದ್ದ ಕಾಫಿ ಲೋಟ ಪಂಚೆಯ ಮೇಲೆ ತುಳುಕಿತು. "ನೋಡ್ಕೊಂಡು ಕುಡೀಬಾರ್ದಾ," ಅಂದಳು ನೀಲಮ್ಮ, ಒಲೆಯ ಮುಂದಿನಿಂದಲೇ. "ಕಾಲೇಜಲ್ಲಿ ಊರ ಮಕ್ಕಳಿಗೆಲ್ಲ ಲೆಕ್ಕ ಹೇಳ್ಕೊಡ್ತೀರಿ. ಮನೆ ಮಗೂಗೆ ಎರಡರ ಮಗ್ಗಿ ಬರಲ್ಲ ಅಂತ ಕರೆಸ್ತಾರೆ. ಎಲ್ಲಿ ಮುಖ ಇಟ್ಕೊಂಡು ಹೋಗ್ತೀರೋ ಹೋಗಿ." ಹೊಸ ಟೀಚರ್ ಯಾವಾಗ ಬಂದರು ಅಂತ ಕೇಳಿದ. ಜೂನ್‌ನಲ್ಲೇ ವರ್ಗವಾಗಿ ಬಂದರಂತೆ, ಒಳ್ಳೆಯವರಂತೆ, ಹೊಡೆಯುವುದಿಲ್ಲವಂತೆ. "ಎಲ್ಲಿಯವರಂತೆ?" "ನನಗೇನ್ಗೊತ್ತು, ಬೋಗಾದಿ ಕಡೆಯೋರು ಅಂತಿದ್ಲು ನಿಮ್ಮ ಮಗಳು." ಅವನು ಲೋಟ ಕೆಳಗಿಟ್ಟು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ.

ಕಾಲೇಜಿನಲ್ಲಿ ಆ ಶುಕ್ರವಾರ ಪಿ.ಯು.ಸಿ.ಯ ಹೊಸ ಬ್ಯಾಚು. ಬಣ್ಣ, ಹೊಗೆ, ಢಂ ಅನ್ನುವ ಸದ್ದು ಇದನ್ನೆಲ್ಲ ಕನಸು ಕಂಡುಕೊಂಡು ರಸಾಯನಶಾಸ್ತ್ರಕ್ಕೆ ಬಂದ ಹುಡುಗರಿಗೆ ಡೆಮಾನ್ಸ್ಟ್ರೇಟರ್ ಕರಿಬಸವಯ್ಯ ಮೊದಲ ಹದಿನೈದು ದಿನ ಬರೀ ಲೆಕ್ಕ ಹಾಕಿಸುತ್ತಿದ್ದ. ದಶಮಾಂಶ, ಅನುಪಾತ, ಹತ್ತರ ಘಾತಗಳು, ಕೊನೆಗೆ ಲಾಗರಿದಂ. "ಸಾರ್, ಪ್ರಯೋಗ ಯಾವಾಗ ಸಾರ್?" ಅಂತ ಹಿಂದಿನ ಬೆಂಚು ಗೊಣಗುತ್ತಿತ್ತು. ಗೊಣಗಲಿ. ಆಸಿಡ್ಡು ಕೈ ಸುಟ್ಟರೆ ನೀರು ಹಾಕಬಹುದು, ಬಿಂದು ಒಂದು ಮನೆ ಆಚೆ ಹೋದರೆ ಯಾವ ನೀರು ಹಾಕುತ್ತೀರಿ ಅಂತ ಪ್ರತಿವರ್ಷ ಹೇಳುತ್ತಿದ್ದ ಮಾತನ್ನು ಇವತ್ತೂ ಹೇಳಿದ, ಇವತ್ತೂ ಯಾರೂ ನಗಲಿಲ್ಲ. ಈಚೆಗೆ ಅಂಗಡಿಯಲ್ಲೂ ಗ್ರಾಂ, ಲೀಟರು ಬಂದಮೇಲೆ ಇವರಿಗೆ ಅಷ್ಟು ಕಷ್ಟವಿಲ್ಲ. ಆಗಿನವರು ಸೇರು, ಪಾವು, ಚಟಾಕಿನಿಂದ ನೇರ ಸಿ.ಸಿ.ಗೆ ನೆಗೆಯಬೇಕಿತ್ತು. ಬೋರ್ಡಿನ ಮೇಲೆ 0.02 ಬರೆದು, ಅದರ ಲಾಗ್ ಬರೆದ: ಎರಡು, ಅದರ ನೆತ್ತಿಯ ಮೇಲೊಂದು ಅಡ್ಡಗೆರೆ, ಬಿಂದು, 3010. ಬಾರ್ ಟೂ ಪಾಯಿಂಟ್ ತ್ರೀ ಜೀರೋ ಒನ್ ಜೀರೋ. ಮುಂದಿನ ಬೆಂಚಿನಿಂದ ಯಾರೋ ಏನೋ ಕೇಳಿದರು. ಅವನಿಗೆ ಕೇಳಿಸಿದ್ದು ಮಾತ್ರ ಇನ್ನೊಂದು. "ಇದೇನ್ ಸಾ ಇದು, ಅಂಕಿ ತಲೆ ಮ್ಯಾಲೆ ಹೊರೆ ಹೊರೋ ಸಿಂಬೆ ಇಟ್ಕಂಡಂಗದೆ?"

ಇಡೀ ಲ್ಯಾಬು ನಕ್ಕಿತ್ತು. ಬೆಟ್ಟಮ್ಮನೂ ನಕ್ಕಿದ್ದಳು, ತಾನು ಹೇಳಿದ್ದರಲ್ಲಿ ನಗುವಂಥದ್ದೇನಿದೆ ಅಂತ ತಿಳಿಯದೆ. ಐವತ್ತನಾಲ್ಕನೇ ಇಸವಿಯ ಮಳೆಗಾಲ. ಇಂಟರ್‌ಮೀಡಿಯೆಟ್ ಜೂನಿಯರ್ ತರಗತಿಯ ಎಪ್ಪತ್ತು ಜನರಲ್ಲಿ ಹೆಣ್ಣುಮಕ್ಕಳು ನಾಲ್ವರು. ಮೂವರು ಊರಿನ ಒಳಗಿನವರು, ಪುಸ್ತಕ ಎದೆಗವಚಿಕೊಂಡು ಜಟಕಾದಲ್ಲಿ ಬರುತ್ತಿದ್ದರು. ಇವಳು ಬೋಗಾದಿಯಿಂದ ಹೊಲದ ಬದುವಿನ ಮೇಲೆ ನಡೆದು, ಕುಕ್ಕರಹಳ್ಳಿ ಕೆರೆ ಏರಿ ದಾಟಿ, ಕಾಲಿಗೆ ಮೆತ್ತಿದ ಕೆಸರನ್ನು ಕಾಲೇಜಿನ ನಲ್ಲಿಯಲ್ಲಿ ತೊಳೆದುಕೊಂಡು ಬರುತ್ತಿದ್ದಳು. ಹಳ್ಳಿಯಲ್ಲಿ ಅಷ್ಟು ದೂರ ಓದಿದ ಹೆಣ್ಣು ಅವಳೊಬ್ಬಳೇ. ಕನ್ನಡದಲ್ಲೇ ಹೈಸ್ಕೂಲು ಮುಗಿಸಿದವಳಿಗೆ ಇಲ್ಲಿ ಎಲ್ಲವೂ ಇಂಗ್ಲಿಷ್, ಅಂಕಿಯೂ ಸೇರಿ. "ಸಿಂಬೆ ತಲೆಗೆ ಮಾತ್ರ ಕಣಮ್ಮ," ಅಂದಿದ್ದ ಅವನು, ಲ್ಯಾಬು ನಗುತ್ತಿದ್ದಂತೆಯೇ. "ಬಿಂದುವಿನ ಆಚೆ ಇರೋರಿಗಿಲ್ಲ. ತಲೆ ಋಣ, ಉಳಿದೋರೆಲ್ಲ ಧನ. ಕೂಡುವಾಗ ತಲೇನ ಬೇರೆ ಕೂಡು, ಬಾಲಾನ ಬೇರೆ ಕೂಡು." ಅವಳ ಮುಖ ಅರಳಿತು. ಅದೊಂದು ಅರಳುವಿಕೆಗೆ ಅವನು ಎಷ್ಟು ಸೋತಿದ್ದ ಅಂದರೆ ಆ ವರ್ಷವೆಲ್ಲ ಬೇರೆ ಉದಾಹರಣೆ ಹುಡುಕಲು ಹೋಗಲೇ ಇಲ್ಲ, ಎಲ್ಲ ಬ್ಯಾಚಿಗೂ ಸಿಂಬೆಯನ್ನೇ ಹೇಳಿದ. ಈಗ ಹೇಳುತ್ತಿರಲಿಲ್ಲ. ಬಿಟ್ಟು ಎಂಟು ವರ್ಷವಾಗಿತ್ತು. "ಸಾರ್, ಬಾರ್ ಯಾಕೆ ಸಾರ್?" ಅಂತ ಮುಂದಿನ ಬೆಂಚಿನವನು ಎರಡನೆಯ ಸಲ ಕೇಳಿದಾಗ, "ನಿಯಮ ಕಣಯ್ಯ, ಬರ್ಕೋ," ಅಂದ.

ಅವನ ಬಾಯಿಯೊಳಗೆ ಮಾತ್ರ ಈಗಲೂ ಎಲ್ಲ ಕನ್ನಡದಲ್ಲೇ ನಡೆಯುತ್ತಿತ್ತು. ಹದಿನಾರೆಂಟ್ಲ ನೂರಿಪ್ಪತ್ತೆಂಟು. ಚಾಮಯ್ಯ ಮೇಷ್ಟ್ರು ಊರ ಚಾವಡಿಯಲ್ಲಿ ಮರಳಿನ ಮೇಲೆ ಬೆರಳಿಡಿಸಿ ಕಲಿಸಿದ ಮಗ್ಗಿ, ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ. ಸಂಜೆ ದನ ಬರುವ ಹೊತ್ತಿಗೆ ನಲವತ್ತು ಹುಡುಗರು ಒಂದೇ ಉಸಿರಿನಲ್ಲಿ ಹೇಳುತ್ತಿದ್ದದ್ದು, ಹಸಿವಾಗಿ ಹೊಟ್ಟೆ ಚುರುಗುಟ್ಟಿದರೂ ದನಿ ತಗ್ಗಿಸದೆ. ಎಷ್ಟು ಚೆನ್ನಾಗಿತ್ತು! ಅದನ್ನು ನೆನೆದರೆ ಇವತ್ತಿಗೂ ಅವನಿಗೆ ಮೂಗಿನಲ್ಲಿ ಧೂಳಿನ ವಾಸನೆ ಬರುತ್ತಿತ್ತು. ಮಠದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮಾಡಿದರೂ, ಕೋಟು ಹಾಕಿಕೊಂಡು ಕೆಲಸಕ್ಕೆ ಸೇರಿದರೂ ಆ ದನಿ ಬಿಡಲಿಲ್ಲ. ಲೆಕ್ಕ ಮಾಡುವಾಗ ತುಟಿ ತಾನಾಗಿ ಅಲ್ಲಾಡುತ್ತಿತ್ತು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಮಾರ್ಕ್ಸ್ ಕೂಡುತ್ತಾ ಕುಳಿತಿದ್ದವನ ಹಿಂದೆ ಲೆಕ್ಚರರ್ ಲಕ್ಷ್ಮೀನರಸಿಂಹ ಯಾವಾಗ ಬಂದು ನಿಂತನೋ. "ಏನ್ರೀ ಕರಿಬಸವಯ್ಯ, ಪೂಜೆ ಮನೇಲೇ ಮುಗಿಸ್ಕೊಂಡು ಬರಲ್ವೇ? ಏನದು ಮಂತ್ರ?" ಸ್ಟಾಫ್ ರೂಮಿನವರೆಲ್ಲ ತಿರುಗಿದರು. ಲಕ್ಷ್ಮೀನರಸಿಂಹ ಬಗ್ಗಿ ಕಿವಿಗೊಟ್ಟು, "ಅಯ್ಯೋ, ಮಗ್ಗಿ ಕಣ್ರೀ! ಏಳೊಂಬತ್ಲ ಅರವತ್ಮೂರು!" ಅಂತ ರಾಗವಾಗಿ ಹೇಳಿ ತೋರಿಸಿದ. ಅವನು ಕೆಟ್ಟವನೇನಲ್ಲ, ನಗಿಸುವ ಚಟ ಅಷ್ಟೆ. ಅಂದಿನಿಂದ ಕರಿಬಸವಯ್ಯ ಮಗ್ಗಿ ಮೇಷ್ಟ್ರು. ಜವಾನನಿಗೂ ಆ ಹೆಸರು ಗೊತ್ತಿತ್ತು. ಕರಿಬಸವಯ್ಯನೂ ಎಲ್ಲರ ಜೊತೆ ಹೆಹೆಹೆ ಅಂತ ನಕ್ಕ. ಆ ನಗು ಈಗ ಜ್ಞಾಪಕಕ್ಕೆ ಬಂದರೂ ಮೈಯೆಲ್ಲ ಮುಳ್ಳಾಗುತ್ತಿತ್ತು.

ಹಾಗಿರುವಾಗ ಬೆಟ್ಟಮ್ಮನೂ ಬ್ಯೂರೆಟ್ಟಿನ ಗಾಜಿನ ಕೊಳವೆಯ ಮುಂದೆ ನಿಂತು ತುಟಿ ಅಲ್ಲಾಡಿಸುವುದನ್ನು ಕಂಡಾಗ ಅವನಿಗೆ ಸಂತೋಷವಾಯಿತೋ ಭಯವಾಯಿತೋ. ಎರಡೂ ಆಯಿತು. ಮೂರು ಗಂಟೆಗೆ ಲ್ಯಾಬು ಮುಗಿದ ಮೇಲೆ ಅರ್ಧ ಗಂಟೆ ಅವಳನ್ನೂ ಇನ್ನಿಬ್ಬರು ಹಳ್ಳಿ ಹುಡುಗರನ್ನೂ ಕೂರಿಸಿಕೊಂಡು ಲೆಕ್ಕ ಹೇಳಿಕೊಡತೊಡಗಿದ. ಬಾಗಿಲು ಮುಂದೆ ಮಾಡಿಕೊಂಡು ಕನ್ನಡದಲ್ಲೇ ಹೇಳಿಕೊಡುತ್ತಿದ್ದ. ಹೊರಗೆ ಮಳೆ, ಒಳಗೆ ಗ್ಯಾಸಿನ ಸಣ್ಣ ವಾಸನೆ, ತೊಳೆದಿಟ್ಟ ಗಾಜು, ಮತ್ತೆ ಯಾರಿಗೂ ಹೆದರಬೇಕಿಲ್ಲದ ಆ ಅರ್ಧ ಗಂಟೆ. ತಾನು ಆ ಕಟ್ಟಡದಲ್ಲಿ ಸುಖವಾಗಿದ್ದದ್ದು ಅಂತ ಇದ್ದರೆ ಅಷ್ಟೇ ಹೊತ್ತು ಅಂತ ಅವನಿಗೆ ಈಗ ಅನ್ನಿಸಿತು. ಬೆಟ್ಟಮ್ಮ ಲೆಕ್ಕದಲ್ಲಿ ಚುರುಕು. ಅವಳಿಗಿದ್ದ ಒಂದೇ ತೊಂದರೆ ನಾಲ್ಕು. ಇಂಗ್ಲಿಷ್ ಅಂಕಿಯಲ್ಲೇ ಶುರು ಮಾಡುವಳು, ಅವಸರವಾದಾಗ ಕೈ ಜಾರಿ ಕನ್ನಡದ ನಾಲ್ಕು ಬೀಳುವುದು, ಅದೂ ಒಂದೇ ಸಂಖ್ಯೆಯೊಳಗೆ: ಮೊದಲನೆಯದು 4, ಕೊನೆಯದು ೪. ಇಂಗ್ಲಿಷ್ ಅಂಕಿಗಳ ನಡುವೆ ಕೂತ ಆ ೪ ನೋಡಿದವರಿಗೆ ತಲೆ ಕೂಡಿಸದ 8. "ನೀನು ನಾಲ್ಕು ಅಂತೀಯ, ಪರೀಕ್ಷೆ ಮಾಡೋರು ಎಂಟು ಅಂತಾರೆ. ಕೆಡ್ತೀಯ ಕಣಮ್ಮ." "ಅಂಗೇ ಬಂದ್ಬುಡ್ತದೆ ಸಾ, ನಾನೇನ್ ಮಾಡ್ಲಿ." "ನೂರು ಸಲ ಬರಿ." ಬರೆದಳು. ಮಾರನೆಯ ದಿನ ಒಂದು ಹಾಳೆ ತುಂಬ 4, 4, 4. ಕೊನೆಯ ಸಾಲಿನಲ್ಲಿ ಒಂದು ೪. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಎರಡು ಗಂಟೆಗೆ ಬ್ಯಾಚು ಮುಗಿಯಿತು. ಹುಡುಗರು ಹೋದ ಮೇಲೆ ಕರಿಬಸವಯ್ಯ ಬೋರ್ಡು ಒರೆಸಲು ಹೋಗಿ, ಡಸ್ಟರ್ ಹಿಡಿದುಕೊಂಡು ಹಾಗೇ ನಿಂತ. ಐವತ್ತೈದರ ಏಪ್ರಿಲ್‌ನ ಪ್ರಾಕ್ಟಿಕಲ್ ಪರೀಕ್ಷೆ ನಡೆದದ್ದು ಇದೇ ಕೋಣೆಯಲ್ಲಿ. ಬಿಸಿ ಆಕ್ಸಾಲಿಕ್ ಆಸಿಡ್ಡಿಗೆ ಬ್ಯೂರೆಟ್ಟಿನ ನಲ್ಲಿ ತಿರುಗಿಸಿ ನೇರಳೆ ಪರ್ಮಾಂಗನೇಟು ಬಿಡಬೇಕು; ಬಿದ್ದ ಹನಿಯ ಬಣ್ಣ ಮಾಯವಾಗುತ್ತಾ ಆಗುತ್ತಾ, ಒಂದು ಹನಿಗೆ ತಿಳಿ ಗುಲಾಬಿ ನಿಂತುಬಿಡುತ್ತದೆ; ಅಲ್ಲಿಗೆ ನಿಲ್ಲಿಸಿ ಎಷ್ಟು ಸಿ.ಸಿ. ಇಳಿದಿದೆ ಅಂತ ಬರೆದುಕೊಂಡು, ಮುಂದಿನ ಪುಟದಲ್ಲಿ ಲಾಗ್ ಹಾಕಿ ಲೆಕ್ಕ ಮಾಡಬೇಕು. ಅವಳ ಬೆಂಚಿಗೆ ಸರಿಯುತ್ತರ 24.4. ಹೊರ ಊರಿನಿಂದ ಬಂದಿದ್ದ ಪರೀಕ್ಷಕರಿಗೆ ಸೆಕೆ, ಹಸಿವು, ರೈಲಿನ ಹೊತ್ತು. ಒಂದೊಂದೇ ಪುಸ್ತಕ ತೆಗೆದು ರೀಡಿಂಗ್ ನೋಡಿ ಮಾರ್ಕ್ಸ್ ಹಾಕಿ ಪಕ್ಕಕ್ಕೆ ತಳ್ಳುತ್ತಿದ್ದರು. ಬೆಟ್ಟಮ್ಮನ ಪುಸ್ತಕ ಬಂದಾಗ ಕೈ ನಿಂತಿತು. "ಟ್ವೆಂಟಿ ಫೋರ್ ಪಾಯಿಂಟ್... ಏನ್ರೀ ಇದು? ಎಂಟೇ? ತಲೆ ಕೂಡಿಲ್ಲ." ಕರಿಬಸವಯ್ಯ ಬಗ್ಗಿ ನೋಡಿದ. ಬಿಂದುವಿನ ಹಿಂದೆ ಇಂಗ್ಲಿಷ್ ನಾಲ್ಕು, ಬಿಂದುವಿನ ಮುಂದೆ ತೆರೆದ ತಲೆಯ ಆ ಅಂಕಿ. ಅವನಿಗೆ ಕ್ಷಣವೂ ಅನುಮಾನ ಬರಲಿಲ್ಲ. ನಾಲ್ಕು. ಕೈ ಜಾರಿದೆ ಮಗುವಿಗೆ. ಬಾಯಿ ತೆರೆದೂ ಇದ್ದ. ಆಗ ಪಕ್ಕದ ಕುರ್ಚಿಯಿಂದ ಲಕ್ಷ್ಮೀನರಸಿಂಹ, "ನಮ್ಮ ಮಗ್ಗಿ ಮೇಷ್ಟ್ರನ್ನೇ ಕೇಳಿ ಸಾರ್. ಅವರ ಸ್ಪೆಷಲ್ ಶಿಷ್ಯೆ," ಅಂತ ನಕ್ಕ. ಪರೀಕ್ಷಕರು, "ಅದೇನ್ರೀ ಮಗ್ಗಿ ಮೇಷ್ಟ್ರು?" ಅಂತ ತಲೆಯೆತ್ತಿ ಅವನ ಮುಖ ನೋಡಿದರು. ಈಗ ಅವನು 'ಸಾರ್, ಅದು ಕನ್ನಡದ ನಾಲ್ಕು' ಅನ್ನಬೇಕು. ಇಬ್ಬರೂ ನಗುತ್ತಾರೆ. ಊಟದ ಹೊತ್ತಿಗೆ ಇಡೀ ಕಾಲೇಜು ನಗುತ್ತದೆ. ಬಾಗಿಲು ಮುಂದೆ ಮಾಡಿಕೊಂಡು ಹೇಳಿಕೊಟ್ಟದ್ದೆಲ್ಲ ಆಚೆಗೆ ಬರುತ್ತದೆ. "ಎಂಟೇ ಸಾರ್," ಅಂದ.

ಅಷ್ಟೆ. ಸೊನ್ನೆ ಬಿತ್ತು. ಒಂದು ಪುಟ ತಿರುಗಿಸಿದ್ದರೆ ಅವಳು ಯಾವ ಅಂಕಿಗೆ ಲಾಗ್ ನೋಡಿದ್ದಾಳೆ ಅನ್ನುವುದು ಅಲ್ಲೇ ಇರುತ್ತಿತ್ತು, 'ಸ್ವಲ್ಪ ತಾಳಿ ಸಾರ್' ಅಂತ ಪುಟ ತಿರುಗಿಸಲು ಯಾವ ಧೈರ್ಯವೂ ಬೇಕಿರಲಿಲ್ಲ, ಬೆರಳೊಂದು ಸಾಕಿತ್ತು. ಅವನು ತಿರುಗಿಸಲಿಲ್ಲ. ಪ್ರಾಕ್ಟಿಕಲ್‌ನಲ್ಲಿ ನಪಾಸು ಅಂದರೆ ಕೆಮಿಸ್ಟ್ರಿಯಲ್ಲಿ ನಪಾಸು, ಕೆಮಿಸ್ಟ್ರಿ ಹೋದರೆ ಇಡೀ ವರ್ಷ. ಜೂನ್‌ನಲ್ಲಿ ಅವಳು ಬರಲಿಲ್ಲ. ಬಂದವನು ಅವಳ ಅಪ್ಪ ಜವರಪ್ಪ, ತಲೆಗೆ ಟವಲು ಸುತ್ತಿಕೊಂಡು, ಕಂಕುಳಲ್ಲಿ ಮಾವಿನಕಾಯಿಯ ಗಂಟಿಟ್ಟುಕೊಂಡು. ಟಿ.ಸಿ. ತೆಗೆದುಕೊಂಡು ಹೋಗಲು ಬಂದಿದ್ದ. ಇನ್ನೊಂದು ಸಲ ಕೂರಿಸಿ, ಖಂಡಿತ ಪಾಸಾಗುತ್ತಾಳೆ ಅಂತ ಕರಿಬಸವಯ್ಯ ತೊದಲಿದ. "ಬುಡಿ ಸಾಮಿ. ಒಂದ್ಸಲ ಅಂದಿದ್ದೆ, ಒಂದ್ಸಲ ಆಯ್ತು. ಊರೋರೆಲ್ಲ ಬಾಯ್ಗೆ ಬಂದಂಗೆ ಅಂತಾವ್ರೆ. ಅವ್ಳು ಮಾತ್ರ ನಿಮ್ಮ ಹೆಸ್ರೇ ಹೇಳ್ತಾಳೆ, ನಮ್ ಸಾ ಎಷ್ಟ್ ಚೆಂದಾಗ್ ಹೇಳ್ಕೊಟ್ರು ಅಂತವ. ನೀವೇನ್ ಮಾಡೀರಿ." ಗಂಟನ್ನು ಅವನ ಕೈಗೆ ಕೊಟ್ಟು ಹೋದ. ಆ ಕಾಯಿಯನ್ನು ಮನೆಗೆ ಒಯ್ಯಲೂ ಆಗದೆ ಬಿಸಾಡಲೂ ಆಗದೆ ಜವಾನನಿಗೆ ಕೊಟ್ಟಿದ್ದ. ಮುಂದೆ ಡಾಕ್ಟರಾಗುತ್ತೀನಿ ಸಾ ಅಂತ ಅವಳು ಒಮ್ಮೆ ಹೇಳಿದ್ದಳು, ಬಾಗಿಲು ಮುಚ್ಚಿದ್ದ ಆ ಅರ್ಧ ಗಂಟೆಯಲ್ಲಿ, ಯಾರಿಗೂ ಹೇಳಬೇಡಿ ಅಂತ. ಅವನು ಯಾರಿಗೂ ಹೇಳಿರಲಿಲ್ಲ.

ಶಾಲೆಯಿದ್ದ ಅಗ್ರಹಾರದ ಕಡೆಗೆ ನಡೆಯುತ್ತಾ ಹೇಗೆ ಹೇಳುವುದು ಅಂತ ಯೋಚಿಸಿದ. ಹೇಳುವುದಂತೂ ಖಂಡಿತ. ಎಂಟು ವರ್ಷ ಹೊತ್ತುಕೊಂಡದ್ದನ್ನು ಇವತ್ತು ಇಳಿಸದಿದ್ದರೆ, ಪ್ರತಿ ತಿಂಗಳೂ ಮಗಳ ಪ್ರೋಗ್ರೆಸ್ ಕಾರ್ಡಿನ ಮೇಲೆ ಆ ರುಜು ನೋಡುತ್ತಾ ಬದುಕಬೇಕು. ಮೊದಲು ಹೇಗಿದ್ದೀಯಮ್ಮ ಅನ್ನುವುದು. ಆಮೇಲೆ, ನಿನ್ನ ಹತ್ತಿರ ಒಂದು ಮಾತು ಹೇಳಬೇಕು ಅನ್ನುವುದು. ಬೈಯಲಿ. ಅಳಲಿ. ಬೈದು ಅತ್ತು ಆದಮೇಲೆ, ಹೋಗಲಿ ಬಿಡಿ ಸಾ, ಹಳೇದು ಅಂದುಬಿಟ್ಟರೆ! ಆ 'ಹೋಗಲಿ ಬಿಡಿ'ಯನ್ನು ಅವಳ ದನಿಯಲ್ಲಿ ಎರಡು ಮೂರು ಸಲ ಕಲ್ಪಿಸಿಕೊಂಡ, ಕಣ್ಣು ಒದ್ದೆಯಾಯಿತು. ಥೂ, ಎಂಥ ಮನುಷ್ಯ ನಾನು, ತಪ್ಪೊಪ್ಪುವ ಮುಂಚೆಯೇ ಕ್ಷಮೆಯ ರುಚಿ ನೋಡುತ್ತಿದ್ದೇನೆ ಅನ್ನಿಸಿ ಹೆಜ್ಜೆ ಜೋರು ಮಾಡಿದ. ನೂರಡಿ ರಸ್ತೆ ದಾಟಿ ಓಣಿಗೆ ತಿರುಗುವಾಗಲೇ ಶಾಲೆಯ ಸದ್ದು ಕೇಳಿತು. ಎರಡೊಂದ್ಲ ಎರಡು. ಎರಡೆರಡ್ಲ ನಾಲ್ಕು. ಎಳೆಯ ದನಿಗಳು, ಅದೇ ರಾಗ, ಅದೇ ಉಸಿರು ಹಿಡಿಯುವ ಜಾಗ. ಅವನ ತುಟಿ ಅಲ್ಲಾಡಿತು. ಕಿಟಕಿಯಲ್ಲಿ ಇಣುಕಿದರೆ ಎರಡನೇ ಕ್ಲಾಸು, ನಲವತ್ತು ಬಾಯಿಗಳು ತೆರೆದು ಮುಚ್ಚುತ್ತಿದ್ದವು, ಮೂರನೆಯ ಸಾಲಿನಲ್ಲಿ ಪ್ರೇಮಲೀಲಾ ತುಟಿ ಬಿಗಿದು ಕೂತಿದ್ದಳು.

ಗಂಟೆ ಹೊಡೆದು ಮಕ್ಕಳು ಹೊರಗೆ ನುಗ್ಗಿದ ಮೇಲೆ ಅವನು ಬಾಗಿಲಲ್ಲಿ ನಿಂತ. ಬೆಟ್ಟಮ್ಮ ಮೈ ತುಂಬಿಕೊಂಡಿದ್ದಳು, ಕನ್ನಡಕ ಬಂದಿತ್ತು, ಸೀರೆಯ ತುಂಬ ಸೀಮೆಸುಣ್ಣ. ಒಂದು ನಿಮಿಷ ನೋಡಿ, "ಸಾರ್!" ಅಂತ ಕೂಗಿಯೇಬಿಟ್ಟಳು. "ಅಯ್ಯೋ ದೇವ್ರೇ, ಪ್ರೇಮಲೀಲಾ ನಿಮ್ಮ ಮಗಳಾ? ರಿಜಿಸ್ಟ್ರಿನಲ್ಲಿ ಹೆಸರಿತ್ತು, ಈ ಓಣೀಲೇ ಇಬ್ಬರು ಕರಿಬಸವಯ್ಯ ಇದ್ದಾರೆ ಸಾರ್, ನೀವೂಂತ ನಾನು ಕನಸಲ್ಲಾದ್ರೂ... ನಿಮ್ಮನ್ನ ಚೀಟಿ ಕಳಿಸಿ ಕರೆಸ್ಕೊಂಡ್ಬುಟ್ಟೆನಲ್ಲ! ಕೂತ್ಕೊಳ್ಳಿ, ಕೂತ್ಕೊಳ್ಳಿ." ತನ್ನ ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೊಟ್ಟಳು, ತಾನು ಮಕ್ಕಳ ಬೆಂಚಿನ ಮೇಲೆ ಕೂತಳು. ಕರಿಬಸವಯ್ಯನಿಗೆ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಚೆದುರಿಹೋಯಿತು. "ಮಗೂ ಲೆಕ್ಕ..." ಅಂದ. "ಹೂಂ ಸಾರ್, ಅದೇ ವಿಚಿತ್ರ. ಟೂ ಟೂಸ್ ಆರ್ ಫೋರ್ ಅಂತ ಪಟಪಟ ಹೇಳ್ತಾಳೆ. ಎರಡೆರಡ್ಲ ಅಂದ್ರೆ ಬಾಯೇ ಬಿಡಲ್ಲ. ಯಾಕಮ್ಮಾಂದ್ರೆ ಅಪ್ಪ ಬೈತಾರೆ ಅಂತಾಳೆ. ನೀವು ಬೈತೀರಾ ಸಾರ್? ನೀವು?" ಮನೆಯಲ್ಲಿ ಯಾರೂ ಮಗ್ಗಿ ಹೇಳಕೂಡದು ಅಂತ ಅವನೇ ಕಟ್ಟು ಮಾಡಿದ್ದ; ನಾಳೆ ಮಗಳ ಹಿಂದೆ ಯಾರೂ ಬಂದು ನಿಂತು ನಗಬಾರದು ಅಂತ.

"ನಿನಗೆ ನನ್ನಿಂದ ಅನ್ಯಾಯವಾಯ್ತಮ್ಮ," ಅಂದ, ಇದ್ದಕ್ಕಿದ್ದಂತೆ. "ಆ ಪ್ರಾಕ್ಟಿಕಲ್..." ಬೆಟ್ಟಮ್ಮ ಕೈ ಅಡ್ಡ ಆಡಿಸಿದಳು. "ಅಯ್ಯೋ ಸಾರ್, ಅದನ್ನ ಇನ್ನೂ ಜ್ಞಾಪಕ ಇಟ್ಕೊಂಡಿದ್ದೀರಾ! ಅನ್ಯಾಯ ಮಾಡಿದ್ದು ನಾನು ಸಾರ್. ಇವತ್ತು ಹೇಳ್ಬುಡ್ತೀನಿ ಕೇಳಿ." ಕನ್ನಡಕ ತೆಗೆದು ಒರೆಸುತ್ತಾ, ಹೆಣ್ಣುಮಕ್ಕಳು ಗೆಳತಿಯ ಹತ್ತಿರ ಹೇಳುವ ಹಾಗೆ ದನಿ ತಗ್ಗಿಸಿದಳು. "ಅವತ್ತು ಅವಸರಕ್ಕೆ ಬ್ಯೂರೆಟ್ಟಿನ ನಲ್ಲಿ ಜಾಸ್ತಿ ತಿರುಗಿಸ್ಬುಟ್ಟೆ. ತಿಳಿ ಗುಲಾಬಿ ಎಲ್ಲಿ ಬಂತು, ದಾಸವಾಳ ಆಗೋಯ್ತು. ರೀಡಿಂಗ್ ನೋಡಿದ್ರೆ ಇಪ್ಪತ್ನಾಲ್ಕು ಪಾಯಿಂಟ್ ಎಂಟು. ಹಂಗೇ ಬರೆದು ಲಾಗೂ ಹಾಕ್ಬುಟ್ಟೆ, ಒಂದು ಪಾಯಿಂಟ್ ಮೂರು ಒಂಬತ್ತು ನಾಲ್ಕು ಐದು, ಇವತ್ತಿಗೂ ಬಾಯಲ್ಲೈತೆ. ಆಮೇಲೆ ಪಕ್ಕದೋನ ಪುಸ್ತಕದಲ್ಲಿ ಪಾಯಿಂಟ್ ನಾಲ್ಕು ಕಂಡ್ತು. ಇನ್ನೊಂದ್ಸಲ ಮಾಡೋಕೆ ಟೈಮಿಲ್ಲ, ಲಾಗ್ ತಿದ್ದೋಕೂ ಟೈಮಿಲ್ಲ. ಆವಾಗ ಒಂದು ಕಳ್ಳಬುದ್ಧಿ ಬಂತು ಸಾರ್. ಎಂಟರ ತಲೇನ ರಬ್ಬರಿನಿಂದ ಒಂಚೂರು ಅಳಿಸ್ದೆ. ಬೇರೆಯೋರಿಗೆ ಎಂಟೋ ಏನೋ, ನಮ್ಮ ಸಾರ್ ಇದ್ದಾರೆ, ಅವರಿಗೆ ನನ್ನ ಕನ್ನಡದ ನಾಲ್ಕು ಗೊತ್ತು, ಅವರು ನಾಲ್ಕು ಅಂತಾರೆ ಅಂತ."

ಎಂಟು. ಅದು ಎಂಟೇ ಆಗಿತ್ತು. ಎಂಟು ವರ್ಷ, ಊಟದ ತಟ್ಟೆಯ ಮುಂದೆ, ಬಸ್ಸಿನ ಕಿಟಕಿಯಲ್ಲಿ, ಎಲ್ಲೆಲ್ಲೋ ಕರಿಬಸವಯ್ಯನನ್ನು ತಿಂದದ್ದು ನಡೆದೇ ಇರಲಿಲ್ಲ. ಮೈ ಹಗುರವಾಗಿ ಕುರ್ಚಿಯಿಂದ ಮೇಲಕ್ಕೆ ಏಳುವಂತಾಯಿತು, ಜೋರಾಗಿ ನಗಬೇಕು ಅನ್ನಿಸಿತು. ಬೆಟ್ಟಮ್ಮ ಹೇಳುತ್ತಲೇ ಇದ್ದಳು. "ಲಾಗ್ ಪುಸ್ತಕ ಒಳಗೇ ಮರೆತಿದ್ದೆ, ತಗೊಳ್ಳೋಕೆ ಬಂದೋಳು ಬಾಗಿಲ ಹತ್ರ ನಿಂತಿದ್ದೆ. ಅವರು ಕೇಳಿದ್ದು ಕೇಳಿಸ್ತು. ನೀವು ಎಂಟೇ ಸಾರ್ ಅಂದಿದ್ದೂ ಕೇಳಿಸ್ತು. ಮನೇವರೆಗೂ ಅಳ್ತಾ ಹೋದೆ ಸಾರ್, ಕೆರೆ ಏರಿ ಮೇಲೆ ಕೂತ್ಕೊಂಡು ನಿಮಗೆ ಹಿಡಿ ಶಾಪ ಹಾಕ್ದೆ. ಆಮೇಲೆ ಒಂದಿನ ಹೊಳೀತು. ಅಷ್ಟು ಜನರ ಎದುರಿಗೆ, ಅವರು ಹಂಗೆ ಹೀಯಾಳಿಸಿದ್ರೂ, ಪ್ರೀತಿಯಿಂದ ಹೇಳ್ಕೊಟ್ಟ ಹುಡುಗಿಗೋಸ್ಕರಾನೂ ಸುಳ್ಳು ಹೇಳ್ದೆ ಇರೋ ಮನುಷ್ಯ ಒಬ್ಬ ಇದಾನೆ ಪ್ರಪಂಚದಲ್ಲಿ, ನಾನು ಅವರ ಕೈಲಿ ಕಲ್ತೆ ಅಂತ. ಡಾಕ್ಟರಾಗ್ದಿದ್ರೆ ಹೋಗ್ಲಿ, ಮೇಷ್ಟ್ರಾಗೋಣ ಅಂತ ಟ್ರೈನಿಂಗಿಗೆ ಹೋಗಿದ್ದೇ ಅದಕ್ಕೆ ಸಾರ್. ಪ್ರತಿ ವರ್ಷ ಹೊಸಾ ಕ್ಲಾಸಿಗೆ ಮೊದಲ ದಿನ ಈ ಕಥೆ ಹೇಳ್ತೀನಿ. ಹೆಸರು ಹೇಳಲ್ಲ, ನಮ್ಮ ಸಾರ್ ಅಂತೀನಿ. ನಿಮ್ಮ ಮಗಳೂ ಕೇಳಿದಾಳೆ, ಕೇಳಿ ನೋಡಿ." ಅವಳ ಕಣ್ಣು ತುಂಬಿತ್ತು. ಮುಖ ಅರಳಿತ್ತು, ಆ ಮಳೆಗಾಲದಲ್ಲಿ ಅರಳಿದ ಹಾಗೇ.

ಸುಮ್ಮನಿದ್ದರೆ ಆಗಿತ್ತು. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಒಂದು ನಮಸ್ಕಾರ ಹಾಕಿ, ಮಗಳ ಕೈ ಹಿಡಿದು, ಮನೆಗೆ ಹೋಗಿ, ಇವತ್ತಿನಿಂದ ಮಗ್ಗಿ ಹೇಳಮ್ಮ ಅಂದರೆ ಮುಗಿಯಿತು. ಆದರೆ ಅವಳು ಹೊಗಳುತ್ತಿದ್ದ ಆ ಮನುಷ್ಯ ಯಾರು? ಆ ಬಾಗಿಲ ಬಳಿ ನಿಂತಿದ್ದವಳಿಗೆ ಕೇಳಿಸಿದ್ದು ಮಾತು, ಅವನ ಹೊಟ್ಟೆಯೊಳಗಿನದು ಅವನಿಗೆ ಮಾತ್ರ ಕೇಳಿಸಿತ್ತು. ಇಲ್ಲದ ಒಬ್ಬನಿಗೆ ಅವಳು ಕುರ್ಚಿ ಒರೆಸಿ ಕೊಟ್ಟಿದ್ದಳು, ಅದರ ಮೇಲೆ ತಾನು ಕೂತಿದ್ದ. ಇವತ್ತೂ ಸುಮ್ಮನಿದ್ದರೆ ಅವತ್ತಿನದೇ ಇನ್ನೊಂದು ಸಲ ಆಗುತ್ತದೆ. ಹೇಳಿದ.

"ನಾನು ಅದನ್ನ ನಾಲ್ಕು ಅಂತ್ಲೇ ಓದ್ದೆ ಕಣಮ್ಮ."

ಬೆಟ್ಟಮ್ಮ ಇನ್ನೂ ನಗುತ್ತಲೇ ಇದ್ದಳು. "ಅಂದ್ರೆ?"

"ನಾಲ್ಕು ಅಂತ ಓದಿದೆ. ಓದಿ, ಎಂಟು ಅಂದೆ."

ಲೆಕ್ಕದಲ್ಲಿ ಅವಳು ಮೊದಲಿನಿಂದ ಚುರುಕು, ಬಹಳ ಹೊತ್ತು ಬೇಕಾಗಲಿಲ್ಲ. ಕನ್ನಡಕ ಹಾಕಿಕೊಂಡು ಅವನ ಮುಖವನ್ನು ಹತ್ತಿರದಿಂದ ನೋಡಿದಳು. "ಯಾಕೆ ಸಾರ್?"

"ನಗ್ತಾರೆ ಅಂತ."

ಹೊರಗೆ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದ ಸದ್ದು. ಬೆಟ್ಟಮ್ಮ ಎದ್ದು, ಮೇಜಿನ ಮೇಲಿದ್ದ ಸ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದಳು, ಜೋಡಿಸಿದ್ದನ್ನು ಮತ್ತೆ ತೆಗೆದು ಜೋಡಿಸಿದಳು. ಅವನು ಕಾದ. ಬೈಯಲಿ ಅಂತ ಕಾದ, ಹೋಗಲಿ ಬಿಡಿ ಸಾರ್ ಅನ್ನಲಿ ಅಂತ ಕಾದ. "ಎಂಟು ವರ್ಷ ಸಾರ್," ಅಂದಳು ಕೊನೆಗೆ, ಅವನ ಕಡೆ ತಿರುಗದೆ. "ಪಾಸಾಗ್ಲಿಲ್ಲ, ಊರಲ್ಲಿ ಎಲ್ಲರ ಕೈಲೂ ಅನ್ನಿಸ್ಕೊಂಡೆ, ಎಲ್ಲಾ ಆಯ್ತು. ನನಗೆ ಅಂತ ಇದ್ದದ್ದು ಆ ಕಥೆ ಒಂದು. ಇದನ್ನ ನೀವು ನನಗೆ ಹೇಳ್ಬಾರ್ದಾಗಿತ್ತು."

ಆಮೇಲೆ ಬಾಗಿಲಿಗೆ ಹೋಗಿ, "ಪ್ರೇಮಲೀಲಾ, ಚೀಲ ತಗೊಳ್ಳಮ್ಮ, ನಿಮ್ಮಪ್ಪ ಹೊರಟ್ರು," ಅಂತ ಕರೆದಳು. ಅವನಿನ್ನೂ ಕುರ್ಚಿಯಿಂದ ಎದ್ದಿರಲಿಲ್ಲ.